ಹಳೇ ಯೆಜ್ಡಿಗೆ ಹೊಸ ಟೈರ್: ಆರಿಸುವುದರಿಂದ ಕೂರಿಸುವವರೆಗೆ

2019ರ ಏಪ್ರಿಲ್. ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ನನ್ನ ಕೈಗೆ ಬಂದು ಮೂರು ತಿಂಗಳಾಗಿತ್ತು. ಆ ವರ್ಷದ ಮೊದಲ ಮಳೆ ನಾಲ್ಕು ಹನಿ ಹಾಕಿ ನಿಂತಿತ್ತು. ನಂಜನಗೂಡು ಕಡೆಯಿಂದ ಮೈಸೂರಿಗೆ ಬರುವಾಗ ಒಂದು ಸಣ್ಣ ತಿರುವಿನಲ್ಲಿ ಹಿಂದಿನ ಚಕ್ರ ಸೊಯ್ಯನೆ ಜಾರಿತು. ಸ್ಪೀಡು ಮೂವತ್ತೂ ದಾಟಿರಲಿಲ್ಲ. ಮೊಣಕಾಲು ತರಚಿತು, ಫುಟ್‌ರೆಸ್ಟ್ ಬಗ್ಗಿತು, ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಟೈರಿನ ಗ್ರಿಪ್, ಅಂದರೆ ಮೇಲಿನ ಗೆರೆ ಕಾಲುವೆಗಳು, ಪೂರ್ತಿ ಇತ್ತು. ನೋಡಿದರೆ ಹೊಸದರ ಹಾಗೇ ಇತ್ತು. ಗಾಡಿಯನ್ನು ಅಪ್ಪನ ಕಾಲದ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದೆ. ಅವರು ಏನೂ ಮಾತಾಡದೆ ಹೆಬ್ಬೆರಳಿನ ಉಗುರನ್ನು ಟೈರಿಗೆ ಒತ್ತಿದರು. ಗುರುತೇ ಬೀಳಲಿಲ್ಲ. ‘ಇದು ರಬ್ಬರ್ ಅಲ್ಲಪ್ಪ, ಚಪ್ಪಡಿ ಕಲ್ಲು’ ಅಂದರು. ಆಮೇಲೆ ಪಕ್ಕದಲ್ಲಿದ್ದ ನಾಲ್ಕು ಅಂಕಿ ತೋರಿಸಿದರು: 1406. ಅಂದರೆ 2006ರ ಹದಿನಾಲ್ಕನೇ ವಾರ. ನಾನು ಹದಿಮೂರು ವರ್ಷ ಹಳೆಯ ಟೈರ್ ಮೇಲೆ ಮಳೆಯಲ್ಲಿ ಓಡಾಡುತ್ತಿದ್ದೆ.

ದಿನಾ ಓಡುವ ಗಾಡಿಯ ಟೈರ್ ಸವೆದು ಸಾಯುತ್ತದೆ. ಹಳೇ ಗಾಡಿಯದು ವಯಸ್ಸಾಗಿ ಸಾಯುತ್ತದೆ. ವರ್ಷಕ್ಕೆ ಏಳೆಂಟು ನೂರು ಕಿಲೋಮೀಟರ್ ಓಡಿದರೆ ಸವೆಯುವುದಾದರೂ ಎಲ್ಲಿಂದ? ಹಾಗಾಗಿ ಹಳೇ ಗಾಡಿಗೆ ಟೈರ್ ತರುವಾಗ ನೋಡುವ ಕ್ರಮವೇ ಬೇರೆ. ಮೊದಲು ಅಳತೆ, ಆಮೇಲೆ ತಾರೀಖು, ಅಂದಚಂದ ಕೊನೆಗೆ. ನಾನು ಇದನ್ನು ಉಲ್ಟಾ ಮಾಡಿ ದುಡ್ಡು ಕಳೆದುಕೊಂಡಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಇಲ್ಲಿ ಹೇಳುವುದೆಲ್ಲ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು, ಅಂದರೆ ಜಾವಾ, ಯೆಜ್ಡಿಗಳನ್ನು ಮುಂದಿಟ್ಟುಕೊಂಡು. ಯಾದವಗಿರಿಯ ಆ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಅಲ್ಲಿಂದ ಹೊರಬಂದ ಅತಿ ಕಿರಿಯ ಗಾಡಿಗೂ ಮೂವತ್ತರ ಆಸುಪಾಸು. ಬುಲೆಟ್, ಆರ್‌ಡಿ 350 (ನಮ್ಮ ರಾಜದೂತ್ 350) ಇಟ್ಟುಕೊಂಡವರಿಗೂ ಲೆಕ್ಕ ಇದೇ, ಅಂಕಿ ಮಾತ್ರ ಬೇರೆ.

ಮೊದಲ ಹೆಜ್ಜೆ: ಈಗಿರುವ ಟೈರನ್ನು ನಂಬಬೇಡಿ

ಎಲ್ಲರೂ ಮಾಡುವ ತಪ್ಪು ಅಂದರೆ, ಈಗ ಗಾಡಿಯಲ್ಲಿರುವ ಟೈರಿನ ಅಳತೆ ಬರೆದುಕೊಂಡು ಅಂಗಡಿಗೆ ಹೋಗುವುದು. ಆ ಟೈರ್ ಹಾಕಿದವರು ಯಾರು? ನಿಮಗಿಂತ ಮುಂಚಿನ ಮಾಲೀಕರು, ಅವತ್ತು ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿರಬಹುದು. ಮೂವತ್ತು ನಲವತ್ತು ವರ್ಷದಲ್ಲಿ ಕೈ ಬದಲಾಯಿಸಿದ ಗಾಡಿಯಲ್ಲಿ ಚಕ್ರವೇ ಬೇರೆ ಮಾಡೆಲ್‌ನದ್ದಾಗಿರುವುದೂ ಉಂಟು.

ನೋಡಬೇಕಾದ್ದು ರಿಮ್. ಕಡ್ಡಿ ಚಕ್ರದ ರಿಮ್ ಮೇಲೆ, ಸಾಮಾನ್ಯವಾಗಿ ವಾಲ್ವ್ ತೂತಿನ ಹತ್ತಿರ, ಅಳತೆ ಗುದ್ದಿರುತ್ತಾರೆ. 1.85x18 ಅಂತ ಇದ್ದರೆ ಒಳಗಿನ ಅಗಲ 1.85 ಇಂಚು, ವ್ಯಾಸ 18 ಇಂಚು. ತುಕ್ಕಿನಡಿ ಮುಚ್ಚಿಹೋಗಿದ್ದರೆ ಸೀಮೆಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಉಜ್ಜಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಜೊತೆಗೆ ಗಾಡಿಯ ಹಳೇ ಮ್ಯಾನುಯಲ್ ಹುಡುಕಿ. ಮೈಸೂರು, ಬೆಂಗಳೂರಿನ ಜಾವಾ ಯೆಜ್ಡಿ ಬಳಗದವರ ಹತ್ತಿರ ಇದರ ಜೆರಾಕ್ಸ್ ಇದ್ದೇ ಇರುತ್ತದೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಎಲ್ಲರೂ ಗಾಡಿ ತೆಗೆದುಕೊಂಡು ಸೇರುತ್ತಾರಲ್ಲ, ಅವತ್ತು ನಿಮ್ಮದೇ ಮಾಡೆಲ್‌ನ ನಾಲ್ಕು ಗಾಡಿ ಪಕ್ಕ ಕೂತು ಟೈರ್ ಓದಿಕೊಂಡು ಬನ್ನಿ. ಬೈಯುವುದಿಲ್ಲ, ಖುಷಿಯಿಂದ ಒಂದು ಗಂಟೆ ಮಾತಾಡುತ್ತಾರೆ.

ಹಳೇ ಜಾವಾ 250ಗೆ 16 ಇಂಚಿನ ಚಕ್ರ. ರೋಡ್‌ಕಿಂಗ್‌ಗೆ 18. ಹಳೇ ಬುಲೆಟ್ 350ಗೆ ಹಿಂದೆ ಮುಂದೆ ಎರಡೂ 3.25-19. ರಾಜದೂತ್ 350ಗೆ ಮುಂದೆ 3.00-18, ಹಿಂದೆ 3.50-18. ನಮ್ಮ ರೋಡ್‌ಕಿಂಗ್‌ನಲ್ಲಿ ಮುಂದೆ 3.00-18, ಹಿಂದೆ 3.25-18 ಇದೆ. ನಿಮ್ಮದನ್ನು ನೀವೇ ನೋಡಿ ಖಚಿತ ಮಾಡಿಕೊಳ್ಳಿ.

ಎರಡನೇ ಹೆಜ್ಜೆ: ಇಂಚು ಮತ್ತು ಮಿಲಿಮೀಟರ್ ಜಗಳ

ಹಳೇ ಅಳತೆ ಇಂಚಿನದು. 3.25-18 ಅಂದರೆ ಸುಮಾರು ಮೂರೂಕಾಲು ಇಂಚು ಅಗಲ, 18 ಇಂಚಿನ ರಿಮ್. ಎತ್ತರ ಎಷ್ಟು ಅಂತ ಬರೆದಿರುವುದಿಲ್ಲ. ಹೆಚ್ಚುಕಡಿಮೆ ಅಗಲದಷ್ಟೇ ಎತ್ತರ ಅಂತ ಇಟ್ಟುಕೊಳ್ಳಿ. ಹೊಸ ಅಳತೆ 90/90-18 ಅಂತ ಇರುತ್ತದೆ. ಅಗಲ 90 ಮಿ.ಮೀ., ಎತ್ತರ ಅದರ ನೂರಕ್ಕೆ 90 ಪಾಲು, ಅಂದರೆ 81 ಮಿ.ಮೀ.

ಈಗ ಚಿಕ್ಕ ಲೆಕ್ಕ. 18 ಇಂಚು ಅಂದರೆ 457 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು 81 ಸೇರಿಸಿ. 90/90-18 ಟೈರಿನ ಒಟ್ಟು ಎತ್ತರ 619 ಮಿ.ಮೀ. ಬಂತು. ಇದೇ ಲೆಕ್ಕದಲ್ಲಿ 90/100-18 ಹಾಕಿದರೆ 637. ಹಳೇ 3.25ಕ್ಕೆ ಅಗಲದಲ್ಲಿ ಈ ಎರಡೂ ಹತ್ತಿರ. ಎತ್ತರವೂ ಹೊಂದಬೇಕು ಅಂದರೆ 90/100 ವಾಸಿ. 3.50ಕ್ಕೆ 100/90 ಹತ್ತಿರ. ಹಿಂದಿನ ಚಕ್ರ ಕುಳ್ಳಾದರೆ ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ಸುತ್ತಬೇಕು. ಎತ್ತರವಾದರೆ ಏರಿನಲ್ಲಿ ಗಾಡಿ ಸೋಲುತ್ತದೆ. ಹತ್ತು ಹದಿನೈದು ಮಿಲಿಮೀಟರ್ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ಜಾಸ್ತಿ ಬೇಡ. ನನ್ನ ಮಾತು ಕೇಳಿದರೆ, ಇಂಚಿನ ಅಳತೆಯದೇ ಸಿಗುತ್ತಿರುವಾಗ ಮಿಲಿಮೀಟರ್ ಟೈರಿನ ಕಡೆ ನೋಡಲೇಬೇಡಿ.

ದಪ್ಪ ಟೈರಿನ ಆಸೆ

ಇದು ನನ್ನ ಪೆದ್ದುತನದ ಕಥೆ. ಬಿದ್ದು ಎದ್ದ ಮೇಲೆ ‘ಗಟ್ಟಿ ಟೈರ್ ಹಾಕಿಬಿಡೋಣ’ ಅಂತ ಹೊರಟೆ. ಅಂಗಡಿಯವನು, ‘ಸಾರ್, 3.25 ಎಲ್ಲ ಯಾರೂ ಹಾಕಿಸಲ್ಲ ಈಗ. 110/90 ಹಾಕ್ಸಿ, ರೋಡ್ ಹಿಡ್ಕೊಳ್ಳುತ್ತೆ, ಲುಕ್ಕೂ ಸಕತ್ತಾಗಿರುತ್ತೆ’ ಅಂದ. ಹಾಕಿಸಿದೆ. ಲುಕ್ಕು ಸಕತ್ತಾಗೇ ಇತ್ತು, ಸುಳ್ಳು ಹೇಳಲ್ಲ.

ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೊದಲ ಹಂಪ್ ಹಾರಿಸಿದಾಗ ‘ಗರ್ರ್’ ಅಂತ ಸದ್ದು. ಟೈರ್ ಹೋಗಿ ಮಡ್‌ಗಾರ್ಡ್ ಒಳಗೆ ಉಜ್ಜುತ್ತಿತ್ತು. ಲೆಕ್ಕ ಆಗ ಹಾಕಿದೆ: 110/90-18ರ ಎತ್ತರ 655 ಮಿ.ಮೀ. 90/90ಕ್ಕಿಂತ ಮೇಲ್ಗಡೆ 18 ಮಿ.ಮೀ. ಹೆಚ್ಚು, ಪಕ್ಕಕ್ಕೆ ಒಂದೊಂದು ಕಡೆ 10 ಮಿ.ಮೀ. ಹೆಚ್ಚು. ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಕವರಿನೊಳಗೆ ಓಡುತ್ತದೆ. ಆ ಕವರಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟು ಜಾಗ ಇದ್ದರೆ ಹೆಚ್ಚು. ನನ್ನ ಗಾಡಿಯ ಕವರಿನ ಮೇಲೆ ಟೈರ್ ಉಜ್ಜಿ ಬಣ್ಣ ಎದ್ದ ಗೆರೆ ಇವತ್ತಿಗೂ ಇದೆ.

ಅದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ದಪ್ಪ ಟೈರಿಗೆ ಅಗಲವಾದ ರಿಮ್ ಬೇಕು. 110/90ಕ್ಕೆ ಎರಡೂವರೆ ಇಂಚಿನ ರಿಮ್ ಹೇಳಿದ್ದು. ಅದನ್ನು 1.85 ಇಂಚಿನ ರಿಮ್‌ಗೆ ತುರುಕಿದರೆ ಟೈರಿನ ಎರಡು ಅಂಚೂ ಒಳಕ್ಕೆ ಚಿವುಟಿಕೊಂಡು, ಮೇಲ್ಭಾಗ ಕೋಳಿಮೊಟ್ಟೆಯ ತುದಿಯ ಹಾಗೆ ಚೂಪಾಗುತ್ತದೆ. ನೆಲಕ್ಕೆ ತಾಗುವುದು ಮಧ್ಯದ ಒಂದು ಪಟ್ಟಿ ಮಾತ್ರ. ರೋಡ್ ಹಿಡಿಯುವುದು ಜಾಸ್ತಿ ಆಗಲಿಲ್ಲ, ಕಡಿಮೆ ಆಯಿತು. ತಿರುವಿನಲ್ಲಿ ಗಾಡಿ ತಟಕ್ಕನೆ ವಾಲಲು ಶುರುಮಾಡಿತು. ಎರಡು ವಾರಕ್ಕೆ ಬಿಚ್ಚಿಸಿದೆ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ.

ಹಳೇ ಗಾಡಿಯ ಎಂಜಿನಿಯರ್‌ಗಳು ಸಣಕಲು ಟೈರ್ ಹಾಕಿದ್ದು ಜಿಪುಣತನದಿಂದ ಅಲ್ಲ. ಆ ಚಾಸಿ, ಆ ರಿಮ್, ಆ ತೂಕಕ್ಕೆ ಅದೇ ಸರಿ.

ಮೂರನೇ ಹೆಜ್ಜೆ: ಟೈರಿನ ಪಕ್ಕ ಓದುವುದು

ಅಂಗಡಿಯಲ್ಲಿ ಟೈರ್ ಕೈಗೆ ಕೊಟ್ಟ ತಕ್ಷಣ ಅದರ ಪಕ್ಕವನ್ನು ಸುತ್ತ ಓದಿ. ಅಳತೆ ಮೊದಲು. ಅದರ ಪಕ್ಕದಲ್ಲೇ 52ಪಿ ಅನ್ನುವಂಥ ಗುರುತು. 52 ಅಂದರೆ ಐವತ್ತೆರಡು ಕೆ.ಜಿ. ಅಲ್ಲ, ಅದೊಂದು ಸಂಕೇತ. ಆ ಟೈರ್ 200 ಕೆ.ಜಿ. ಹೊರುತ್ತದೆ ಅಂತ ಅರ್ಥ. 57 ಇದ್ದರೆ 230, 60 ಇದ್ದರೆ 250. ಅಕ್ಷರ ಸ್ಪೀಡಿನದು: ಎಲ್ ಅಂದರೆ ಗಂಟೆಗೆ 120 ಕಿ.ಮೀ., ಪಿ ಅಂದರೆ 150, ಎಸ್ ಅಂದರೆ 180. ಯೆಜ್ಡಿಗೆ ಪಿ ಧಾರಾಳ. ತೂಕದ ಸಂಕೇತವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇಬ್ಬರು ಕೂತು ಲಗೇಜ್ ಕಟ್ಟಿದರೆ ಭಾರವೆಲ್ಲ ಹಿಂದಿನ ಚಕ್ರದ ತಲೆ ಮೇಲೆ.

4ಪಿಆರ್, 6ಪಿಆರ್ ಅನ್ನುವುದು ಟೈರ್ ಎಷ್ಟು ಗಟ್ಟಿ ಅನ್ನುವ ದರ್ಜೆ. ಹಿಂದಕ್ಕೆ 6ಪಿಆರ್ ಸಿಕ್ಕರೆ ಒಳ್ಳೆಯದು. ಮುಂದಕ್ಕೆ 4 ಸಾಕು, ಸುಮ್ನೆ ಗಟ್ಟಿ ಟೈರ್ ಹಾಕಿದರೆ ಕೈ ಕುಲುಕಾಡುತ್ತದೆ ಅಷ್ಟೆ. ಹಳೇ ಗಾಡಿಗಳ ಟೈರುಗಳೆಲ್ಲ ಒಳಗೆ ನೈಲಾನ್ ದಾರ ಓರೆಯಾಗಿ ನೇಯ್ದ ಕ್ರಾಸ್ ಪ್ಲೈ ಜಾತಿಯವು. ಮುಂದೆ ಈ ಜಾತಿ, ಹಿಂದೆ ದಾರ ನೇರ ಅಡ್ಡ ಹಾಯ್ದ ರೇಡಿಯಲ್ ಜಾತಿ ಅಂತ ಬೆರಕೆ ಮಾಡಬೇಡಿ.

ಕೊನೆಗೆ ನಾಲ್ಕು ಅಂಕಿಯ ತಾರೀಖು. ಚಿಕ್ಕ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಇರುತ್ತದೆ, ಟೈರಿನ ಒಂದೇ ಪಕ್ಕದಲ್ಲಿ ಇರಬಹುದು, ತಿರುಗಿಸಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಆ ಟೈರನ್ನು ಮುಟ್ಟಿ ನಮಸ್ಕಾರ ಮಾಡಿ ವಾಪಸ್ ಇಡಿ.

ಹಳೇ ಅಳತೆಯ ಟೈರುಗಳು ದಿನಾ ಖರ್ಚಾಗುವುದಿಲ್ಲ. ಗೋಡೌನಿನ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ‘ನೋಡಿ ಸಾರ್, ಕೂದಲೂ ಹೋಗಿಲ್ಲ’ ಅಂತ ಹೊಸ ಟೈರಿನ ಮೇಲಿನ ರಬ್ಬರ್ ಎಳೆಗಳನ್ನು ತೋರಿಸುತ್ತಾರೆ. ಓಡಿಸದೇ ಇಟ್ಟರೆ ಇಪ್ಪತ್ತು ವರ್ಷವಾದರೂ ಕೂದಲು ಹೋಗುವುದಿಲ್ಲ ಸ್ವಾಮಿ! ಪಾಲಿಶ್ ಹೊಡೆದು ಮಿಂಚಿಸಿದ್ದರಂತೂ ಇನ್ನೂ ಅನುಮಾನ ಪಡಿ. ನನ್ನ ಅಳತೆಗೋಲು ಇಷ್ಟು: ಒಂದು ವರ್ಷದೊಳಗಿನದಾದರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಎರಡು ವರ್ಷದ್ದಾದರೆ ದರ ಇಳಿಸು ಅನ್ನುತ್ತೇನೆ. ಮೂರು ದಾಟಿದರೆ ಬೇಡ. ಹಾಕಿಸಿದ ಮೇಲೆ ಐದು ವರ್ಷ ಆದಾಗಿನಿಂದ ಪ್ರತಿ ವರ್ಷ ಬಿರುಕು ನೋಡಬೇಕು, ಹತ್ತಾದರೆ ಗ್ರಿಪ್ ಎಷ್ಟೇ ಇದ್ದರೂ ತೆಗೆಯಬೇಕು.

ಬಿರುಕು ನೋಡುವುದು ಎಲ್ಲಿ ಗೊತ್ತಾ? ಮೇಲ್ಮೈಯಲ್ಲಿ ಅಲ್ಲ. ಗ್ರಿಪ್ಪಿನ ಕಾಲುವೆಗಳ ತಳದಲ್ಲಿ, ಮತ್ತು ಟೈರ್ ರಿಮ್‌ಗೆ ಸೇರುವ ಅಂಚಿನಲ್ಲಿ. ಗಾಳಿ ಇಳಿಸಿ, ಹೆಬ್ಬೆರಳಿನಿಂದ ಅಗಲಿಸಿ ಹಿಡಿದರೆ ಜೇಡರ ಬಲೆಯ ಹಾಗೆ ಕಾಣುತ್ತವೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಗ್ರಿಪ್ 0.8 ಮಿ.ಮೀ.ಗಿಂತ ಇಳಿಯಬಾರದು. ನಮ್ಮ ಗಾಡಿಗಳ ಟೈರುಗಳು ಆ ಹಂತ ಮುಟ್ಟುವ ಮುಂಚೆಯೇ ಕಲ್ಲಾಗಿರುತ್ತವೆ.

ಸಿಗುವುದು ಎಲ್ಲಿ

ಬುಲೆಟ್‌ನ 3.25-19 ಕಷ್ಟವಿಲ್ಲ. ಯೆಜ್ಡಿಯ 18 ಇಂಚಿನವೂ ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್ ಡೀಲರ್‌ಗಳ ಹತ್ತಿರ ವಿಚಾರಿಸಿದರೆ ಸಿಗುತ್ತವೆ, ಕೆಲವೊಮ್ಮೆ ಆರ್ಡರ್ ಕೊಟ್ಟು ಕಾಯಬೇಕು. ಗೋಳು ಇರುವುದು ಹಳೇ ಜಾವಾದ 16 ಇಂಚಿನವರಿಗೆ. 16 ಅಂದ ಕೂಡಲೇ ಸಣ್ಣ ಅಂಗಡಿಯವರು ಟಿವಿಎಸ್ ಎಕ್ಸ್‌ಎಲ್‌ನ 2.50-16 ತೆಗೆದುಕೊಡುತ್ತಾರೆ. ರಿಮ್‌ಗೆ ಕೂರುತ್ತದೆ, ನಿಜ. ಆದರೆ ಅದು ಮೊಪೆಡ್ಡಿನ ಟೈರು. 250 ಸಿಸಿ ಜಾವಾಗೆ ಹಾಕಬೇಡಿ.

ಇನ್ನೊಂದು ಎಡವಟ್ಟು ಅಂಗಡಿಯಲ್ಲಿ ‘ಜಾವಾ ಟೈರ್ ಕೊಡಿ’ ಅನ್ನುವುದು. 2018ರಲ್ಲಿ ಹೊಸ ಜಾವಾ ಬಂತಲ್ಲ, ಅದರದ್ದು ಮುಂದೆ 90/90-18, ಹಿಂದೆ 120/80-17. ಫೋನಿನಲ್ಲಿ ಆರ್ಡರ್ ಕೊಟ್ಟರೆ ಅದೇ ಬಂದು ಕೂರುತ್ತದೆ. ಗಾಡಿ ಹೆಸರು ಹೇಳಬೇಡಿ, ಅಳತೆ ಹೇಳಿ. ತಾರೀಖಿನ ಫೋಟೊ ಕಳಿಸಿ ಅಂತ ಮೊದಲೇ ಕೇಳಿ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಬಹುದು, ಆದರೆ ಶನಿವಾರ ಸಂಜೆ ಹೋಗಬೇಡಿ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಟೈರ್ ಆಸೆ ಹೋಗಿರುತ್ತದೆ.

ಡಿಸೈನ್ ವಿಷಯ. ಹಳೇ ಕ್ರಮದಲ್ಲಿ ಮುಂದಕ್ಕೆ ಉದ್ದುದ್ದ ಗೆರೆಯ ರಿಬ್ ಟೈರ್, ಹಿಂದಕ್ಕೆ ಬ್ಲಾಕ್ ಗ್ರಿಪ್ಪಿನದು. ರಿಬ್ ಟೈರಿನಲ್ಲಿ ಗಾಡಿ ನೇರ ಹಿಡಿದುಕೊಂಡು ಹೋಗುತ್ತದೆ, ನೋಡಲೂ ಆ ಕಾಲದ್ದೇ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಕಡೆ ಓಡಾಡುವವರಾದರೆ ಮುಂದಕ್ಕೂ ಅಡ್ಡ ಕಾಲುವೆಗಳಿರುವ ಡಿಸೈನ್ ಆರಿಸಿ ಅನ್ನುತ್ತೇನೆ ನಾನು. ಹೊರದೇಶದ ಡನ್‌ಲಪ್ ಕೆ70, ಟಿಟಿ100 ಮುಂತಾದವು ಹಳೇ ಅಚ್ಚಿನಲ್ಲೇ ಬರುತ್ತವೆ. 1969ರಲ್ಲಿ ಮಾಲ್ಕಂ ಅಪ್‌ಹಿಲ್ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಟ್ರಯಂಫ್ ಬಾನವಿಲ್ ಮೇಲೆ ಸರಾಸರಿ ನೂರು ಮೈಲಿ ವೇಗದ ಸುತ್ತು ಹಾಕಿದ ನೆನಪಿಗೆ ಬಂದ ಹೆಸರದು, ಟಿಟಿ100. ಶೋಕಿ ಇದ್ದು ಜೇಬೂ ಇದ್ದರೆ ತರಿಸಿಕೊಳ್ಳಿ. ನನಗಂತೂ ಊರಲ್ಲಿ ಸಿಗುವ ತಾಜಾ ಟೈರೇ ಇಷ್ಟ.

ಟ್ಯೂಬ್ ಬೇಕೇ ಬೇಕು

ಕಡ್ಡಿ ಚಕ್ರಕ್ಕೆ ಟ್ಯೂಬ್ ಇಲ್ಲದೆ ಆಗದು. ಟೈರ್ ಮೇಲೆ ಟ್ಯೂಬ್‌ಲೆಸ್ ಅಂತ ಬರೆದಿದ್ದರೂ ಒಳಗೆ ಟ್ಯೂಬ್ ಹಾಕಲೇಬೇಕು. ಗಾಳಿ ಕಡ್ಡಿ ತೂತುಗಳಿಂದ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಟೈರಿನ ಅಂಚು ಜಾರಿ ಒಳಗೆ ಬೀಳದ ಹಾಗೆ ಹಿಡಿಯುವ ಉಬ್ಬು ಹಳೇ ರಿಮ್‌ನಲ್ಲಿ ಇಲ್ಲ.

ಟೈರ್ ಹೊಸದಾದರೆ ಟ್ಯೂಬೂ ಹೊಸದೇ ಆಗಲಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ರಿಮ್ ಟೇಪ್, ಅಂದರೆ ರಿಮ್ ಒಳಗೆ ಕಡ್ಡಿ ತುದಿಗಳನ್ನು ಮುಚ್ಚುವ ಪಟ್ಟಿ, ಕೂಡ ಬದಲಿಸಿ. ತೀರಾ ಅಗ್ಗದ ಸಾಮಾನು ಅದು. ಅದನ್ನು ಉಳಿಸಲು ಹೋಗಿ ಕಡ್ಡಿಯ ತುದಿ ಚುಚ್ಚಿ ಹೊಸ ಟ್ಯೂಬ್ ಕಳೆದುಕೊಂಡವರು ಬೇಕಾದಷ್ಟು ಜನ.

ಕೂರಿಸುವುದು

ಕಾರಿನ ಟೈರ್ ಬಿಚ್ಚುವ ಮೆಷಿನ್ನಿಗೆ ಹಳೇ ಕ್ರೋಮ್ ರಿಮ್ ಕೊಡಬೇಡಿ. ಗೀರು ಬೀಳುತ್ತದೆ. ಮನೆಯಲ್ಲೇ ಮಾಡಬಹುದು, ಇಲ್ಲವೇ ಕೈಯಲ್ಲಿ ಬಿಚ್ಚುವ ಪಂಚರ್ ಅಂಗಡಿಯ ಹಳಬರಿಗೆ ಕೊಡಿ, ಪಕ್ಕದಲ್ಲೇ ನಿಂತಿರಿ.

ಜಾವಾ ಯೆಜ್ಡಿಯವರಿಗೆ ಒಂದು ಸುಖ ಇದೆ. ಗಾಡಿಗೆ ಜೋಡಿ ಸ್ಟ್ಯಾಂಡ್ ಹಾಕಿ ಹಿಂದಿನ ಆ್ಯಕ್ಸಲ್ ಎಳೆದರೆ ಚಕ್ರ ಮಾತ್ರ ಈಚೆ ಬರುತ್ತದೆ. ಚೈನು, ಸ್ಪ್ರಾಕೆಟ್, ಕವರ್ ಎಲ್ಲ ಇದ್ದಲ್ಲೇ. ಕೈಗೆ ಗ್ರೀಸ್ ಅಂಟದ ಹಾಗೆ ಚಕ್ರ ಬಿಚ್ಚುವ ಸುಖ ಬುಲೆಟ್‌ನವರ ಮುಂದೆ ಹೇಳಿ ಹೊಟ್ಟೆ ಉರಿಸಬಹುದು. ಚಕ್ರ ಈಚೆ ಬಂದಾಗ ಹಬ್ ಒಳಗಿನ ರಬ್ಬರುಗಳನ್ನೂ ನೋಡಿಬಿಡಿ. ಪುಡಿಯಾಗಿದ್ದರೆ ಈಗಲೇ ಬದಲಿಸಿ.

ಟೈರ್ ತೆಗೆದ ಮೇಲೆ ರಿಮ್ ಒಳಗಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಪ್ರೈಮರ್ ಬಳಿದು ಒಣಗಿಸಿ. ಪ್ರತಿ ಕಡ್ಡಿಯನ್ನೂ ಸ್ಕ್ರೂಡ್ರೈವರ್‌ನಿಂದ ತಟ್ಟಿ. ‘ಟಿಂಗ್’ ಅಂದರೆ ಸರಿ, ‘ಟಪ್’ ಅಂದರೆ ಸಡಿಲ. ಬಿಗಿ ಮಾಡಿದ ಮೇಲೆ ಒಳಗೆ ಚಾಚಿದ ತುದಿಗಳನ್ನು ಅರದಿಂದ ಉಜ್ಜಿಬಿಡಿ.

ಟೈರನ್ನು ಒಂದು ಗಂಟೆ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಪಕ್ಕದ ಬಾಣದ ಗುರುತು ಚಕ್ರ ಸುತ್ತುವ ಕಡೆಗೇ ಇರಬೇಕು. ಬಣ್ಣದ ಚುಕ್ಕೆ ಇದ್ದರೆ ವಾಲ್ವ್ ಹತ್ತಿರ ಬರಲಿ. ಟ್ಯೂಬಿಗೆ ಟಾಲ್ಕಂ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ. ಅಂಚಿಗೆ ಸೋಪಿನ ನೀರು ಹಚ್ಚಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಕೆಡುತ್ತದೆ.

ವಾಲ್ವ್‌ನ ಎದುರುಗಡೆಯಿಂದ ಶುರುಮಾಡಿ, ವಾಲ್ವ್ ಹತ್ತಿರ ಮುಗಿಸಿ. ಗುಟ್ಟಿರುವುದು ಮೊಣಕಾಲಿನಲ್ಲಿ. ರಿಮ್‌ನ ಮಧ್ಯದಲ್ಲಿ ಒಂದು ತಗ್ಗು ಇದೆಯಲ್ಲ, ಕೂತ ಅಂಚನ್ನು ಮೊಣಕಾಲಿನಿಂದ ಆ ತಗ್ಗಿಗೆ ಒತ್ತಿ ಹಿಡಿದರೆ ಎದುರುಗಡೆ ಸಡಿಲ ಸಿಗುತ್ತದೆ. ಟೈರಿನ ಅಂಚು ಎತ್ತುವ ಲಿವರಿಗೆ ಜೋರು ಬಲ ಬೇಕಾಯಿತು ಅಂದರೆ ಅಂಚು ತಗ್ಗಿನಲ್ಲಿ ಇಲ್ಲ ಅಂತಲೇ ಅರ್ಥ. ಅಲ್ಲಿ ಬಲ ಹಾಕಿದರೆ ಟ್ಯೂಬ್ ಕಚ್ಚಿಕೊಳ್ಳುತ್ತದೆ. ಕೊನೆಯ ನಾಲ್ಕು ಇಂಚಿಗೆ ಮುಂಚೆ ವಾಲ್ವನ್ನು ಒಳಕ್ಕೆ ಒಮ್ಮೆ ದೂಡಿ ಬಿಡಿ, ಟ್ಯೂಬ್ ಅಂಚಿನಡಿ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ.

ಗಾಳಿ ಹಾಕಿದ ಮೇಲೆ ಟೈರಿನ ಅಂಚಿನ ಸಣ್ಣ ಗೆರೆ ರಿಮ್‌ನಿಂದ ಸುತ್ತಲೂ ಒಂದೇ ದೂರ ಇದೆಯಾ ನೋಡಿ. ಒಂದು ಕಡೆ ಹೂತಿದ್ದರೆ ಗಾಳಿ ಬಿಟ್ಟು, ಸೋಪು ನೀರು ಹಚ್ಚಿ ಮತ್ತೆ ತುಂಬಿ. ವಾಲ್ವ್‌ನ ನಟ್ಟನ್ನು ರಿಮ್‌ಗೆ ಬಿಗಿ ಮಾಡಬೇಡಿ. ಮೇಲೆ ಸರಿಸಿ ಕ್ಯಾಪಿಗೆ ತಾಗಿಸಿಡಿ. ಮುಂದೆ ಟೈರ್ ರಿಮ್ ಮೇಲೆ ಜಾರಿದರೆ ವಾಲ್ವ್ ಓರೆಯಾಗಿ ನಿಮಗೆ ಸುದ್ದಿ ಕೊಡುತ್ತದೆ. ನಟ್ಟು ಬಿಗಿದಿದ್ದರೆ ಸುದ್ದಿ ಕೊಡದೆ ಬುಡಕ್ಕೇ ಹರಿಯುತ್ತದೆ.

ಗಾಳಿ ಎಷ್ಟು ಅನ್ನುವುದಕ್ಕೆ ಮ್ಯಾನುಯಲ್ ನೋಡಿ. ಹಳೇ ಪುಸ್ತಕದಲ್ಲಿ ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ. ಅಂತ ಇರಬಹುದು. ಒಂದು ಕೆ.ಜಿ.ಗೆ 14.2 ಪಿಎಸ್‌ಐ. ಲಾರಿಗೆ ಗಾಳಿ ಹಾಕುವ ಹುಡುಗನ ಕೈಗೆ ಕೊಟ್ಟರೆ ನಲವತ್ತು ಹೊಡೆದು ಕಳಿಸುತ್ತಾನೆ. ಇನ್ನೂರು ಚಿಲ್ಲರೆ ರೂಪಾಯಿಯ ಮೀಟರ್ ಒಂದು ಮನೆಯಲ್ಲಿರಲಿ, ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ.

ಮೊದಲ ಇನ್ನೂರು ಕಿಲೋಮೀಟರ್ ನಿಧಾನ. ಹೊಸ ಟೈರಿನ ಮೈ ಜಾರುತ್ತದೆ, ಜೋರಾಗಿ ವಾಲಿಸಬೇಡಿ, ಬ್ರೇಕ್ ಗಕ್ಕನೆ ಹಾಕಬೇಡಿ. ಐವತ್ತು ಕಿಲೋಮೀಟರ್ ಆದ ಮೇಲೆ ಆ್ಯಕ್ಸಲ್ ನಟ್ಟು ಮತ್ತೊಮ್ಮೆ ಬಿಗಿ ಮಾಡಿ, ಕಡ್ಡಿ ಮತ್ತೊಮ್ಮೆ ತಟ್ಟಿ ನೋಡಿ. ನನ್ನ ಗಾಡಿಯಲ್ಲಿ ಆಗ ಎರಡು ಕಡ್ಡಿ ‘ಟಪ್’ ಅಂದಿದ್ದವು. ಬಿಚ್ಚಿದ ಹಳೇ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಪಾಲಿಶ್ ಹೊಡೆಸಿಕೊಂಡು ಇನ್ಯಾರದೋ ಗಾಡಿಗೆ ಹೋಗುತ್ತದೆ. ನಮ್ಮ 1406ನ್ನು ಗರಗಸದಲ್ಲಿ ಕುಯ್ದು ಎರಡು ತುಂಡು ಮಾಡಿದೆವು. ಒಂದು ತುಂಡು ಈಗ ಗೇಟಿನ ಕೆಳಗೆ ಸದ್ದಾಗದ ಹಾಗೆ ಕೂತಿದೆ.